ಗಡಿಕಲ್ಲಿನ ಪಕ್ಕದ ಮನೆ

ಯಶವಂತಪುರದಲ್ಲಿ ರೈಲು ನಿಂತಾಗ ವೆಂಕಟರಾಮಯ್ಯ ಇಳಿಯಲಿಲ್ಲ. ಆರು ವರ್ಷದಿಂದ ಕಚೇರಿ ಮುಗಿಸಿ ಇದೇ ರೈಲಿನಲ್ಲಿ ಬಂದು ಇಲ್ಲಿಯೇ ಇಳಿಯುತ್ತಿದ್ದ ಕಾಲುಗಳು ತಾವಾಗಿಯೇ ಎದ್ದು ನಿಂತವು. ಅವನು ಅವನ್ನು ಮತ್ತೆ ಕೂರಿಸಿದ. ಎದುರಿನ ಸೀಟಿನವನು ನೋಡಿದ. ಆ ನೋಟಕ್ಕೆ ಉತ್ತರ ಕೊಡಬೇಕೆಂಬಂತೆ, 'ಇವತ್ತು ಚಿಕ್ಕಬಾಣಾವರಕ್ಕೆ' ಎಂದು ಅವನು ಯಾರೂ ಕೇಳದೆಯೇ ಹೇಳಿದ. ಎದುರಿನವನು ಕಿಟಕಿಯ ಕಡೆ ತಿರುಗಿದ. ಹೇಳಬಾರದಿತ್ತು ಅನಿಸಿತು. ಕತ್ತಲಾಗುವ ಹೊತ್ತಿಗೆ ಎಲ್ಲಿ ಇಳಿಯುತ್ತೇನೆ, ಯಾವ ದಾರಿಯಲ್ಲಿ ಒಬ್ಬನೇ ನಡೆಯುತ್ತೇನೆ ಎಂದು ಗುರುತಿಲ್ಲದವನಿಗೆ ಹೇಳಿಬಿಡುವವನಿಗೆ ಊರಾಚೆ ಮನೆ ಯಾಕೆ ಬೇಕು? ಗಡಿಯಾರ ನೋಡಿಕೊಂಡ. ಆರು ಗಂಟೆ ಎರಡು ನಿಮಿಷ. ಗಡಿಯಾರ ಕಟ್ಟಿದ್ದು ಕಾಣದಿರಲೆಂದು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ. ತೊಡೆಯ ಮೇಲಿದ್ದ ಬಟ್ಟೆಯ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡ. ಅಂಜನಮ್ಮ ತಾನೇ ಹೊಲಿದ ಚೀಲ. ಮೇಲೆ ಹಸಿರು ದಾರದ ಗಿಣಿ, ಗಿಣಿಯ ಕಣ್ಣಿಗೆ ಒಂದು ಕೆಂಪು ಮಣಿ.

ಮನೆಯನ್ನು ಅವನು ಮೂರು ಸಲ ನೋಡಿದ್ದ. ಮೂರು ಸಲವೂ ಭಾನುವಾರ, ಮೂರು ಸಲವೂ ಬೆಳಗಿನ ಹನ್ನೊಂದು ಗಂಟೆ. ಭಾನುವಾರದ ಹನ್ನೊಂದು ಗಂಟೆಗೆ ಯಾವ ದಾರಿಯೂ ಕೆಟ್ಟದಾಗಿರುವುದಿಲ್ಲ. ಅಲ್ಲಿ ಬದುಕುವುದೆಂದರೆ ವಾರದ ಆರು ದಿನ ಈ ರೈಲಿನಲ್ಲಿ ಇಳಿದು, ಕೆರೆಯ ಏರಿ ಹತ್ತಿ, ಈಚಲು ಗಿಡಗಳ ಮಧ್ಯೆ ನಡೆದು ಬರುವುದು. ಧನುರ್ಮಾಸದಲ್ಲಿ ಆರೂವರೆಗೇ ಕತ್ತಲು. ಹಗಲೆಲ್ಲ ಅಂಜನಮ್ಮ ಒಬ್ಬಳೇ. ದೊಡ್ಡಮುನಿಯಪ್ಪ ತನ್ನ ರಾಗಿ ಹೊಲವನ್ನು ಸೈಟು ಮಾಡಿ ಸಾಲಾಗಿ ನಾಲ್ಕು ಮನೆ ಕಟ್ಟಿಸಿದ್ದ; ಉಳಿದ ಮೂರರಲ್ಲಿ ಇನ್ನೂ ಯಾರೂ ಇರಲಿಲ್ಲ. ಗುರುವಾರ ಕರಾರು ಪತ್ರಕ್ಕೆ ಸಹಿ ಹಾಕಬೇಕು. ಅದಕ್ಕೇ ಈ ಮಂಗಳವಾರ, ಯಾರಿಗೂ ಹೇಳದೆ, ನಿಜವಾದ ಹೊತ್ತಿನಲ್ಲಿ ನಿಜವಾದ ದಾರಿಯನ್ನು ನಡೆದು ನೋಡುವುದೆಂದು ಹೊರಟಿದ್ದ. ಇಪ್ಪತ್ತು ನಿಮಿಷದೊಳಗೆ ಮುಟ್ಟಿದರೆ, ದಾರಿಯಲ್ಲಿ ಅಂಥದ್ದೇನೂ ಆಗದಿದ್ದರೆ, ಸಹಿ. ಕಚೇರಿಯಲ್ಲಿ ಹೆಡ್ ಕ್ಲಾರ್ಕು ಒಂದು ದಿನ ಕಾಫಿ ಹೀರುತ್ತ, 'ಆ ಕಡೆ ಏರಿ ಮೇಲೆ ಒಬ್ಬ ಹೆಂಗಸಿನ ಸರ ಕಿತ್ಕೊಂಡ್ ಹೋದ್ರಂತೆ ಕಣ್ರೀ' ಎಂದಿದ್ದ. ಯಾವ ಏರಿ, ಯಾವಾಗ ಎಂದು ಕೇಳಿದರೆ, 'ಎಲ್ಲಾ ಏರೀನೂ ಒಂದೇ, ಬಿಡ್ರಿ' ಎಂದು ನಕ್ಕಿದ್ದ. ಆ ನಗು ಮಾತಿಗಿಂತ ಹೆಚ್ಚು ದಿನ ಉಳಿದುಕೊಂಡಿತ್ತು.

ಬೆಳಿಗ್ಗೆ ಅಂಜನಮ್ಮನಿಗೆ ಮಾತ್ರ ಸಂಜೆ ಅಲ್ಲಿಗೆ ಹೋಗುತ್ತೇನೆಂದು ಹೇಳಬೇಕಾಯಿತು. ಅವಳು ಒಲೆಯ ಮುಂದಿನಿಂದ ಎದ್ದು ಬಂದು, ಪೆಟ್ಟಿಗೆ ತೆಗೆದು, ಚೀಲದಲ್ಲಿ ಒಂದೊಂದಾಗಿ ಇಟ್ಟಳು: ಅರಿಶಿನ ಕುಂಕುಮದ ಪೊಟ್ಟಣ, ಒಂದು ಹೊಸ ರವಿಕೆ ಕಣ, ಅರ್ಧ ಡಜನ್ ಹಸಿರು ಬಳೆ, ಎರಡು ನಿಂಬೆಹಣ್ಣು. 'ಮುನಿಯಪ್ಪನೋರ ಹೆಂಡತಿ ಸೊಣ್ಣಮ್ಮ ಇದಾರಲ್ಲ, ಅವರಿಗೆ ಕೊಡಿ. ಹೋದ ಸಲ ನಾನು ಈ ಚೀಲ ಖಾಲಿ ಹಿಡ್ಕೊಂಡು ಹೋಗಿದ್ದೆ, ಅವರು ಮಜ್ಜಿಗೆ ಕೊಟ್ರು' ಎಂದಳು. ಆರು ವರ್ಷದಲ್ಲಿ ಅವಳು ಏನನ್ನೂ ಇಷ್ಟು ಆಸೆಯಿಂದ ಚೀಲಕ್ಕೆ ತುಂಬಿದ್ದನ್ನು ಅವನು ನೋಡಿರಲಿಲ್ಲ. ಅದೇ ಅವನಿಗೆ ಭಯ ಹುಟ್ಟಿಸಿತು. ಹೋದ ಭಾನುವಾರ ಆ ಖಾಲಿ ಮನೆಯಲ್ಲಿ ದೊಡ್ಡಮುನಿಯಪ್ಪ ತೊಲೆ, ಹಂಚು, ಸುಣ್ಣ ಎಂದು ತೋರಿಸುತ್ತಿದ್ದಾಗ ಅವಳು ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಮರದ ಬಾಗಿಲು. ತುಂಬ ಹೊತ್ತಾದ ಮೇಲೆ ಹೊರಗೆ ಬಂದಳು. ನೀರಿರಲಿಲ್ಲ, ಏನೂ ಇರಲಿಲ್ಲ. 'ಏನ್ ಮಾಡ್ತಿದ್ದೆ?' ಎಂದು ಅವನು ಕೇಳಿದ್ದಕ್ಕೆ, 'ಏನಿಲ್ಲ. ಸುಮ್ನೆ ನಿಂತಿದ್ದೆ' ಎಂದಳು.

ಅವರು ಬಾಡಿಗೆಗಿದ್ದ ವಠಾರದ ಬಚ್ಚಲಿಗೆ ತಗಡಿನ ಬಾಗಿಲು. ಅದರಲ್ಲಿ ಒಂದು ತೂತು. ಮೊದಲು ಮೊಳೆಯ ತೂತೇ ಇದ್ದೀತು. ಈಗ ಅದರ ಅಂಚು ನುಣ್ಣಗಾಗಿತ್ತು, ಯಾರೋ ಪುರುಸೊತ್ತಿನಲ್ಲಿ ಅರದಿಂದ ಉಜ್ಜಿದ ಹಾಗೆ. ಅಂಜನಮ್ಮ ದಿನವೂ ಅದಕ್ಕೆ ಸೋಪಿನ ಉಂಡೆ ಒತ್ತಿ ಸ್ನಾನ ಮಾಡುತ್ತಿದ್ದಳು. ಮಾರನೆಯ ದಿನ ಉಂಡೆ ಇರುತ್ತಿರಲಿಲ್ಲ. ಒಂದು ಬೆಳಗಿನ ಜಾವ ಹಲ್ಲುಜ್ಜಲು ಹೋದಾಗ ಬಾಗಿಲ ಹೊರಗೆ ಅವನ ಕಾಲಿಗೆ ಏನೋ ಮೆತ್ತಗೆ ಸಿಕ್ಕಿತು. ನೋಡಿದರೆ ಅವಳ ಹೆಬ್ಬೆರಳಿನ ಗುರುತಿದ್ದ ಸೋಪು. ಬಚ್ಚಲಿಗೆ ಎದುರಾಗಿ ಕಲ್ಲುಚಪ್ಪಡಿಯ ಮೇಲೆ ಮನೆಯೊಡೆಯನ ಬಾಮೈದ ಪೇಪರು ಹಿಡಿದು ಕೂತಿದ್ದ. 'ಏನ್ ಸಮಾಚಾರ ಗುರುಗಳೇ, ಇಷ್ಟ್ ಬೇಗ ಎದ್ಬಿಟ್ರಿ?' ಎಂದ. ವೆಂಕಟರಾಮಯ್ಯ ನಕ್ಕ. ನಕ್ಕದ್ದು ತನಗೆ ತಿಳಿದಿತ್ತು. ಕಾಲನ್ನು ಚಪ್ಪಡಿಯ ಅಂಚಿಗೆ ಒರೆಸಿಕೊಂಡು ಒಳಗೆ ಹೋದ. ಅದಾದ ಹತ್ತನೆಯ ದಿನ, ಊಟಕ್ಕೆ ಕೂತಾಗ, 'ಊರಾಚೆ ಎಲ್ಲಾದ್ರೂ ಸ್ವಂತ ಮನೆ ನೋಡೋಣ್ವಾ? ಗಾಳಿ ಬೆಳಕು ಚೆನ್ನಾಗಿರುತ್ತೆ' ಎಂದ. ಅಂಜನಮ್ಮ ಅನ್ನ ಬಡಿಸುವ ಕೈ ನಿಲ್ಲಿಸಿ ಅವನನ್ನು ನೋಡಿದಳು. ಗಾಳಿ ಬೆಳಕಿನ ಬಗ್ಗೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಿದರು. ತೂತಿನ ಮಾತು ಇಬ್ಬರ ನಡುವೆ ಒಂದು ದಿನವೂ ಬರಲಿಲ್ಲ.

ಚಿಕ್ಕಬಾಣಾವರದಲ್ಲಿ ಇಳಿದವರು ಒಂಬತ್ತು ಮಂದಿ. ಗೇಟಿನ ಹೊರಗೆ ನಾಲ್ವರಾದರು. ಹುಣಿಸೆಮರದ ಹತ್ತಿರ ಅವನೊಬ್ಬನೇ ಉಳಿದ. ಆರು ಇಪ್ಪತ್ತೊಂದು. ಹೆಜ್ಜೆ ಎಣಿಸತೊಡಗಿದ. ಎಣಿಸುವುದರಿಂದ ಬೇರೆ ಏನನ್ನೂ ಯೋಚಿಸಬೇಕಾಗಿರಲಿಲ್ಲ. ಏರಿಯ ಬುಡಕ್ಕೆ ಮುನ್ನೂರ ನಲವತ್ತು. ಅಲ್ಲಿಂದ ಮತ್ತೆ ಒಂದು, ಎರಡು. ಏರಿಯ ಮೇಲೆ ಇನ್ನೂ ಬೆಳಕಿತ್ತು, ಕೆಳಗೆ ಇರಲಿಲ್ಲ. ಎಡಕ್ಕೆ ನೀರು; ಬಲಕ್ಕೆ ಇಳಿಜಾರು, ಅದರಲ್ಲಿ ಮನುಷ್ಯರ ಎತ್ತರದ ಈಚಲು ಗಿಡಗಳು. ಮನುಷ್ಯರ ಎತ್ತರ ಎಂದು ಅವನಿಗೆ ಯಾಕೆ ಹೊಳೆಯಬೇಕು? ಬರೀ ಗಿಡ. ನೂರ ಹತ್ತು, ನೂರ ಹನ್ನೊಂದು. ಆಗ ಹಿಂದಿನಿಂದ ಟಿಕ್ ಟಿಕ್ ಎಂಬ ಸದ್ದು. ಸೈಕಲ್ಲಿನ ಸದ್ದು, ಆದರೆ ಸೈಕಲ್ಲಿನಷ್ಟು ಬೇಗ ಬರುತ್ತಿರಲಿಲ್ಲ. ಯಾರೋ ತಳ್ಳಿಕೊಂಡು ಬರುತ್ತಿದ್ದಾರೆ. ಸೈಕಲ್ ಇದ್ದವನು ಹತ್ತದೆ ಯಾಕೆ ನಡೆಯಬೇಕು? ವೆಂಕಟರಾಮಯ್ಯ ನಡಿಗೆ ಜೋರು ಮಾಡಿದ. ಸದ್ದೂ ಜೋರಾಯಿತು. ಓಡುವುದೋ ಬೇಡವೋ? ಓಡಿದರೆ ಹೆದರಿದ್ದೇನೆಂದು ಗೊತ್ತಾಗುತ್ತದೆ. ಗೊತ್ತಾದರೆ ಏನು? ಗಡಿಯಾರ ಬಿಚ್ಚಿ ಚೀಲದೊಳಗೆ ಹಾಕಿದ. ಎಣಿಕೆ ತಪ್ಪಿಹೋಯಿತು.

'ಸಾಮೀ, ನಿಂತ್ಕಳ್ಳಿ!'

ಅವನು ನಿಂತ. ಕಾಲು ತಾನಾಗಿ ನಿಂತಿತು.

'ಬದಿಗೆ ಬರ್ರಿ, ಈ ಕಡೆಗೆ. ಮುಂದೆ ಏರಿ ಕುಸಿದದೆ. ಮೊನ್ನೆ ನಾನೇ ಬಿದ್ದೆ, ಸೈಕಲ್ ಸಮೇತ.' ಗಡ್ಡದ ಮನುಷ್ಯ, ಐವತ್ತು ದಾಟಿರಬಹುದು. ಸೈಕಲ್ಲಿನ ಎರಡು ಕಡೆ ಹುಲ್ಲು ಹಾಸಿದ ಖಾಲಿ ಬುಟ್ಟಿ. 'ನಾನು ಹಬೀಬುಲ್ಲಾ. ಮೊಟ್ಟೆ ಯಾಪಾರ. ಯಶವಂತಪುರ ಮಾರ್ಕೆಟ್‌ಗೆ ದಿನಾ ಓಗ್ತೀನಿ. ಮುನಿಯಪ್ಪಣ್ಣನ ಮನೆ ನೋಡೋಕೆ ಬಂದೋರಲ್ವಾ ನೀವು? ಆವತ್ತು ಅಮ್ಮಾವ್ರು ಕೂಡ ಬಂದಿದ್ರು.'

ಅಮ್ಮಾವ್ರನ್ನೂ ನೋಡಿಟ್ಟುಕೊಂಡಿದ್ದಾನೆ, ಎಂದುಕೊಂಡ ವೆಂಕಟರಾಮಯ್ಯ.

'ಚೀಲ ಕೊಡಿ ಇಲ್ಲಿ, ಹ್ಯಾಂಡಲ್‌ಗೆ ಹಾಕ್ಕೊಳ್ತೀನಿ. ಏನ್ ಹಂಗ್ ಅಮುಕ್ಕೊಂಡಿದೀರಿ, ಮಗು ಎತ್ಕೊಂಡಂಗೆ!'

ಕೊಡುವುದಿಲ್ಲ ಎನ್ನಲು ಅವನಿಗೆ ಧೈರ್ಯ ಬರಲಿಲ್ಲ. ಕೊಟ್ಟ. ಗಡಿಯಾರ ಅದರೊಳಗಿತ್ತು. ಉಳಿದ ದಾರಿಯುದ್ದಕ್ಕೂ ಹಬೀಬುಲ್ಲಾ ಮಾತಾಡಿದ: ಕೆರೆಯ ಮೀನಿನ ಹರಾಜು, ಮಗಳ ಬಾಣಂತನ, ದಾಸರಹಳ್ಳಿಯ ಕಡೆ ಕಾರ್ಖಾನೆ ಬಂದ ಮೇಲೆ ಮೊಟ್ಟೆಗೆ ಬಂದ ಗಿರಾಕಿ. ವೆಂಕಟರಾಮಯ್ಯ ಹ್ಞೂಂ ಹ್ಞೂಂ ಎನ್ನುತ್ತ ಹ್ಯಾಂಡಲ್ಲಿಗೆ ತೂಗುಬಿದ್ದ ಗಿಣಿಯನ್ನೇ ನೋಡುತ್ತಿದ್ದ. ಈಗ ಹತ್ತಿ ಹೊರಟೇಬಿಡುತ್ತಾನೆ, ಈಗ. ಏರಿ ಮುಗಿದು ದಾರಿ ಎರಡಾದಲ್ಲಿ ಹಬೀಬುಲ್ಲಾ ಚೀಲ ತೆಗೆದು ಅವನ ಕೈಗಿಟ್ಟ. 'ಇನ್ ಹೆದರ್ಕೆ ಇಲ್ಲ, ಊರೇ ಬಂತು. ನಾನು ಬಾವೀಲಿ ಮುಖ ತೊಳ್ಕೊಂಡ್ ಬರ್ತೀನಿ.' ಹೆದರಿಕೆ ಎಂಬ ಮಾತನ್ನು ತಾನು ಆಡಿರಲಿಲ್ಲ. ಅವನಿಗೆ ಹೇಗೆ ಗೊತ್ತಾಯಿತು? ಋಣಿಯಾಗಬೇಕಾದ ಜಾಗದಲ್ಲಿ ಅವನಿಗೆ ಸಿಟ್ಟು ಬಂತು. ಹಬೀಬುಲ್ಲಾ ಮರೆಯಾದ ಮೇಲೆ ಚೀಲದೊಳಗೆ ಕೈ ಹಾಕಿ ಗಡಿಯಾರ ತಡಕಿದ. ಇತ್ತು. ಆರು ನಲವತ್ತೆರಡು. ಕೈಗೆ ಕಟ್ಟಿಕೊಂಡ. ಮನೆಗೆ ಇನ್ನು ನೂರು ಹೆಜ್ಜೆ. ಇಪ್ಪತ್ತು ನಿಮಿಷವಂತೂ ಆಗಲೇ ಆಗಿಹೋಗಿತ್ತು; ಆದರೆ ನಿಂತು ಮಾತಾಡಿದ್ದನ್ನು ಕಳೆದರೆ?

ಮನೆಯ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ನೆಟ್ಟಿತ್ತು. ಭಾನುವಾರಗಳಲ್ಲಿ ಅವನು ಅದನ್ನು ಸೈಟಿನ ಕಲ್ಲೆಂದುಕೊಂಡಿದ್ದ. ಈಗ ಅದರ ಸುತ್ತ ಏಳೆಂಟು ಜನ ದೊಣ್ಣೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತಿದ್ದರು. ಅವನನ್ನು ಕಂಡು ಎಲ್ಲರೂ ಒಟ್ಟಿಗೆ ಎದ್ದರು.

'ಯಾರ್ಲಾ ಅದು? ಅಲ್ಲೇ ನಿಂತ್ಕ!'

'ನಾನು... ಮನೆ ನೋಡೋಕೆ...'

'ಒತ್ತು ಮುಳುಗಿದ್ ಮ್ಯಾಲೆ ಮನೆ ನೋಡಾಕ್ ಬಂದ್ಯಾ? ಮಂಗಳವಾರದ ದಿನ?' ಮುಂದೆ ಬಂದವನು ಇಪ್ಪತ್ತೈದರ ಹುಡುಗ, ತಲೆಗೆ ಟವೆಲ್ಲು ಸುತ್ತಿದ್ದ. ಹಿಂದಿನಿಂದ ಯಾರೋ, 'ಚಿಕ್ಕಬೈರಪ್ಪ, ಚೀಲ ಅದೆ ನೋಡು ಕೈಯಾಗೆ' ಎಂದರು. ಚಿಕ್ಕಬೈರಪ್ಪ ಚೀಲವನ್ನು ಮುಟ್ಟಲಿಲ್ಲ. 'ಕೆಳಗಿಕ್ಕು' ಎಂದ. ಇಟ್ಟ ಮೇಲೆ ದೊಣ್ಣೆಯ ತುದಿಯಿಂದ ಅದರ ಬುಡ ಎತ್ತಿದ. ಕುಂಕುಮದ ಪೊಟ್ಟಣ ಬಿದ್ದು ಒಡೆಯಿತು. ಬಳೆ ಉರುಳಿದವು. ರವಿಕೆ ಕಣ ಬಿಚ್ಚಿಕೊಂಡಿತು. ಒಂದು ನಿಂಬೆಹಣ್ಣು ಉರುಳಿ ಉರುಳಿ ಕಲ್ಲಿಗೆ ತಾಗಿ ನಿಂತಿತು.

ಜನ ಹಿಂದೆ ಸರಿದರು.

ದೊಣ್ಣೆ ಹಿಡಿದ ಎಂಟು ಗಂಡಸರು ಅವನಿಗೆ ಹೆದರಿ ಹಿಂದೆ ಸರಿದಿದ್ದರು. ವೆಂಕಟರಾಮಯ್ಯನಿಗೆ ಅದು ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಕ್ಷಣ ಎಲ್ಲಿಯೋ ಒಳಗೆ ಹಿತವೂ ಆಯಿತು. ಅವನ ಮೂವತ್ತೆಂಟು ವರ್ಷದಲ್ಲಿ ಅವನಿಗೆ ಯಾರೂ ಹೆದರಿರಲಿಲ್ಲ. ಮುದುಕನೊಬ್ಬ ನಡುಗುವ ದನಿಯಲ್ಲಿ ಹೇಳುತ್ತಿದ್ದ, ಮಿಕ್ಕವರು ಅವನನ್ನು ಮುನಿವೆಂಕಟಯ್ಯ ಎಂದು ಕರೆಯುತ್ತಿದ್ದರು: 'ಆಚೆ ಅಳ್ಳೀಲಿ ಅಮ್ಮ ಎದ್ದವ್ಳೆ. ಸಿಡುಬಿಗೆ ಮೂರು ಕೂಸು ಓದ್ವು. ಇವತ್ತು ಅವ್ರು ಅಮ್ಮನ್ನ ಸಾಗಾಕ್ತಾರೆ, ಅರಿಸಿನ ಕುಂಕ್ಮ ಬಳೆ ರವಿಕೆ ಎಲ್ಲಾ ತಂದು ನಮ್ಮ ಗಡೀಲಿ ಮಡಗಿ ಓಡೋಯ್ತಾರೆ ಅಂತ ಬೆಳಗಿಂದ ಕಾಯ್ತಾ ಕೂತಿವ್ನಿ. ಪೇಟೆಯೋನ ಕೈಲಿ ಕಳಿಸ್ತಾರೆ ಅಂತ ಯಾರ್ ಕಂಡಿದ್ರು!'

'ಯೋಳು, ಯಾರು ಕಳಿಸಿದ್ದು?' ಚಿಕ್ಕಬೈರಪ್ಪನ ದೊಣ್ಣೆ ಮೇಲೆದ್ದಿತು.

ಹೇಳಬೇಕಾದದ್ದು ಒಂದೇ ಮಾತು. ನನ್ನ ಹೆಂಡತಿ ಸೊಣ್ಣಮ್ಮನಿಗೆ ಕೊಟ್ಟುಕಳಿಸಿದ್ದು. ಅದು ನಾಲಿಗೆಯ ಮೇಲೆಯೇ ಇತ್ತು. ಆದರೆ ದೊಣ್ಣೆಯ ತುದಿಗೆ ಕುಂಕುಮ ಹತ್ತಿತ್ತು, ಅವನು ಅದನ್ನೇ ನೋಡುತ್ತಿದ್ದ. ಯಾವುದು ನಿಜವೋ ಅದು ಈಗ ಅಪಾಯ, ತನ್ನದಲ್ಲದ್ದೆಲ್ಲ ಕ್ಷೇಮ ಎಂದು ಅವನ ಮೈಗೆ ಅನಿಸಿಬಿಟ್ಟಿತ್ತು.

'ನಂದಲ್ಲ' ಎಂದ. ದನಿ ತೆಳ್ಳಗೆ ಬಂತು. 'ಚೀಲ ನಂದಲ್ಲ. ಸೈಕಲ್ಲಿನ ಸಾಬರು ಕೊಟ್ಟರು. ಹ್ಯಾಂಡಲ್ಲಿಗೆ ಹಾಕ್ಕೊಂಡಿದ್ರು. ಹಿಡ್ಕೊಂಡಿರಿ ಅಂತ ನನ್ನ ಕೈಗೆ ಕೊಟ್ಟು ಹೋದರು.'

ಅಷ್ಟೂ ಮಾತು ಸರಾಗವಾಗಿ ಬಂದದ್ದು ಅವನಿಗೇ ಆಶ್ಚರ್ಯ. ಹ್ಯಾಂಡಲ್ಲಿನ ಮಾತು ಸುಳ್ಳೂ ಆಗಿರಲಿಲ್ಲ.

'ಯಾರು, ನಮ್ಮ ಅಬೀಬಣ್ಣನಾ?' ಎಂದ ಚಿಕ್ಕಬೈರಪ್ಪ. ದೊಣ್ಣೆ ಇಳಿಯಿತು, ಆದರೆ ಮುಖ ಬಿಗಿದುಕೊಂಡಿತು. ಬಾವಿಯ ಕಡೆಗೆ ತಿರುಗಿ ಕೂಗಿದ. ಹಬೀಬುಲ್ಲಾ ಸೈಕಲ್ ತಳ್ಳಿಕೊಂಡು, ಒದ್ದೆ ಗಡ್ಡವನ್ನು ಹೆಗಲ ಬಟ್ಟೆಯಿಂದ ಒರೆಸಿಕೊಳ್ಳುತ್ತ ಬಂದ. 'ಅಬೀಬಣ್ಣ, ಈ ಚೀಲ ನೀನ್ ಕೊಟ್ಟೆ ಅಂತಾರೆ ಇವ್ರು. ಔದಾ?' ಹಬೀಬುಲ್ಲಾ ನೆಲದ ಮೇಲೆ ಚೆಲ್ಲಿದ್ದನ್ನು ನೋಡಿದ. ಊರಿಂದ ಊರಿಗೆ ದಿನವೂ ತಿರುಗುವ ಮನುಷ್ಯ. ಚೆಲ್ಲಿದ್ದೆಂಥದ್ದು ಎಂದು ಅವನಿಗೆ ತಿಳಿಯುವುದಕ್ಕೆ ಹೊತ್ತು ಬೇಕಾಗಲಿಲ್ಲ. ಆಮೇಲೆ ವೆಂಕಟರಾಮಯ್ಯನ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮೊಟ್ಟೆಯನ್ನು ಬೆಳಕಿಗೆ ಹಿಡಿದು ಒಳಗೆ ಕೆಟ್ಟಿದೆಯೋ ಎಂದು ನೋಡುವವನ ನೋಟ ಅದು.

ಅವನು ಬಾಯಿ ತೆರೆಯುವ ಮೊದಲೇ ಗದ್ದಲ ಕೇಳಿ ದೊಡ್ಡಮುನಿಯಪ್ಪ ಬಂದ. ಹಿಂದೆಯೇ ಸೊಣ್ಣಮ್ಮ ಲಾಟೀನು ಹಿಡಿದು ಬಂದಳು. ಲಾಟೀನನ್ನು ನೆಲಕ್ಕೆ ತಂದು ಬಗ್ಗಿ ನೋಡಿ, 'ಅಯ್, ಈ ಗಿಣಿ ಚೀಲ ಅಂಜನಮ್ಮೋರ್ದಲ್ವಾ?' ಎಂದಳು. 'ಓದ್ವಾರ ಅವರ ಕೈಯಾಗಿತ್ತು. ಕಣ್ಣಿಗೆ ಮಣಿ ಎಂಗಾಕಿದ್ರಿ ಅಂತ ನಾನೇ ಕೇಳಿದ್ದೆ. ನಂಗೂ ಒಂದು ಒಲ್ಕೊಡ್ತೀನಿ ಅಂದಿದ್ರು.'

ಎಲ್ಲರೂ ವೆಂಕಟರಾಮಯ್ಯನ ಕಡೆ ತಿರುಗಿದರು. ಆಮೇಲೆ ಮುನಿವೆಂಕಟಯ್ಯ ಬೊಚ್ಚು ಬಾಯಿ ತೆರೆದು ನಕ್ಕ. 'ಎದರ್ಕೊಂಡವ್ರೆ ಬುಡ್ರಲಾ. ನಾವೂ ಎದ್ರುದ್ವಿ, ಅವ್ರೂ ಎದ್ರುದ್ರು.' ನಗು ಒಬ್ಬರಿಂದ ಒಬ್ಬರಿಗೆ ಹತ್ತಿತು. ಸೊಣ್ಣಮ್ಮ ಬಳೆಗಳನ್ನು ಆಯ್ದು ಸೆರಗಿನಿಂದ ಒರೆಸಿ, 'ನಂಗೇ ಕಳ್ಸವ್ರೆ, ಒಂದೂ ಒಡ್ದಿಲ್ಲ ನೋಡಿ' ಎಂದು ಅಲ್ಲಿಯೇ ಕೈಗೆ ಏರಿಸತೊಡಗಿದಳು. ಹೊಡೆದಿದ್ದರೆ ಚೆನ್ನಾಗಿತ್ತು ಎನಿಸಿತು ವೆಂಕಟರಾಮಯ್ಯನಿಗೆ. ಹೊಡೆತ ತಿಂದಿದ್ದರೆ ಊರನ್ನು ದೂರಬಹುದಾಗಿತ್ತು. ನಗದೆ ಉಳಿದವರು ಇಬ್ಬರು. ಒಬ್ಬ ಹಬೀಬುಲ್ಲಾ. ಇನ್ನೊಬ್ಬ ಚಿಕ್ಕಬೈರಪ್ಪ; ಅವನು ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ, 'ಅಲ್ಲ ಸಾಮಿ, ಅವನು ನಮ್ಮೂರೋನಾಗ್ದೆ ಬೇರೆ ಯಾರೋ ಆಗಿದ್ದು ನಾವು ಒಡ್ದಾಕ್ಬುಟ್ಟಿದ್ರೆ?' ಎಂದ. ಉತ್ತರಕ್ಕೆ ಕಾಯದೆ ಹೋಗಿ ಕಲ್ಲಿನ ಹತ್ತಿರ ಕೂತ.

ದೊಡ್ಡಮುನಿಯಪ್ಪ ಅವನ ಭುಜ ತಟ್ಟಿದ. 'ಮನಸ್ಸಿಗ್ ಅಚ್ಕೋಬೇಡಿ. ಇಂಗೆ ಕಾಯೋ ಜನ ಇರೋ ಕಡೆ ಕಳ್ರು ಬತ್ತಾರಾ ನೀವೇ ಯೋಳಿ? ಕತ್ಲಾದ್ರೆ ಟೇಸನ್‌ತಾವಿಂದ ಅಬೀಬಣ್ಣ ದಿನಾ ಜತೆಗಿರ್ತಾನೆ. ಅಮ್ಮಾವ್ರ ಕಡೆ ಇವಳು ನೋಡ್ಕೊತಾಳೆ. ಗುರುವಾರ ಬಂದ್ಬುಡಿ.' ಸೊಣ್ಣಮ್ಮ ಚೀಲ ಕೊಡವಿ, ತನ್ನ ಮನೆಗೆ ಹೋಗಿ ಅದರ ತುಂಬ ಅವರೆಕಾಯಿ ತುಂಬಿ ತಂದಳು. ಕೊಳ್ಳಬೇಕಾದ ಮನೆಯೊಳಗೆ ಹೋಗಿ ನೋಡುವುದನ್ನು ಯಾರೂ ನೆನೆಸಲಿಲ್ಲ, ಅವನೂ. 'ಅಬೀಬಣ್ಣ, ಟೇಸನ್‌ಗಂಟ ಬುಟ್ಬುಟ್ಟು ಬಾ' ಎಂದ ದೊಡ್ಡಮುನಿಯಪ್ಪ.

ಹಬೀಬುಲ್ಲಾ ಬುಟ್ಟಿಗಳನ್ನು ಬಿಚ್ಚಿಟ್ಟು ಸೈಕಲ್ ತಿರುಗಿಸಿದ. 'ಕೂತ್ಕಳ್ಳಿ' ಎಂದ. ವೆಂಕಟರಾಮಯ್ಯ ಹಿಂದಿನ ಕ್ಯಾರಿಯರ್ ಮೇಲೆ ಕೂತ. ಎಲ್ಲಿ ಹಿಡಿದುಕೊಳ್ಳುವುದು ತಿಳಿಯಲಿಲ್ಲ. ಮುಂದಿನವನ ಸೊಂಟ ಹಿಡಿಯಲಾರ. ಸೀಟಿನ ಕೆಳಗಿನ ಸ್ಪ್ರಿಂಗು ಹಿಡಿದ. ಪ್ರತಿ ಹಳ್ಳಕ್ಕೂ ಅದು ಬೆರಳನ್ನು ಕಚ್ಚುತ್ತಿತ್ತು. ಈಗ ಏರಿಯ ಮೇಲೆ ಪೂರ್ತಿ ಕತ್ತಲು. ನೀರು, ಈಚಲು, ಇಳಿಜಾರು ಯಾವುದೂ ಕಾಣುತ್ತಿರಲಿಲ್ಲ, ಯಾವುದಕ್ಕೂ ಅವನಿಗೆ ಹೆದರಿಕೆಯಿರಲಿಲ್ಲ. ಹೆದರಿಕೆ ಇದ್ದದ್ದು ಕಣ್ಣೆದುರಿನ ಬೆವರಿದ ಬೆನ್ನಿನದು, ಅದು ಯಾವಾಗ ಮಾತಾಡುತ್ತದೋ ಎಂದು. ತಾನೇ ಏನಾದರೂ ಹೇಳಬೇಕು. ಏರಿ ಮುಗಿಯುವುದರೊಳಗೆ ಹೇಳಿಬಿಡಬೇಕು. ಕುಸಿದ ಜಾಗ ಬಂದಾಗ ಹಬೀಬುಲ್ಲಾ ಇಳಿದು ತಳ್ಳಿದ, ಇವನೂ ಇಳಿದ. ಮತ್ತೆ ಹತ್ತಿದರು. ಹುಣಿಸೆಮರ ಬಂತು. ಗೇಟು ಬಂತು. ದಿನವೂ ಈ ಮನುಷ್ಯನ ಜತೆ, ವರ್ಷಕ್ಕೆ ಮುನ್ನೂರು ಸಂಜೆ, ಈ ಏರಿಯ ಮೇಲೆ. ನಿಮಿಷದ ಲೆಕ್ಕ ಹಾಕಿಕೊಂಡು ಬಂದವನಿಗೆ ಈ ಲೆಕ್ಕ ಮೊದಲು ಹೊಳೆದಿರಲಿಲ್ಲ.

'ಮನೆ ಮಾಡ್ಕೊಂಡ್ ಬಂದ ಮೇಲೆ ಮೊಟ್ಟೆ ಬೇಕಿದ್ರೆ ಹೇಳಿ' ಎಂದ ಹಬೀಬುಲ್ಲಾ, ಸೈಕಲ್ ತಿರುಗಿಸುತ್ತ. ವ್ಯಂಗ್ಯವೋ ಎಂದು ವೆಂಕಟರಾಮಯ್ಯ ದೀಪದ ಬೆಳಕಿನಲ್ಲಿ ಅವನ ಮುಖ ಹುಡುಕಿದ. ಏನೂ ಇರಲಿಲ್ಲ. ವ್ಯಾಪಾರದ ಮಾತು ಅಷ್ಟೇ.

'ನಾನು ಮೊಟ್ಟೆ ತಿನ್ನೋದಿಲ್ಲ' ಎಂದ ವೆಂಕಟರಾಮಯ್ಯ.

ವಠಾರಕ್ಕೆ ಬಂದಾಗ ಎಂಟೂವರೆ. ಕಲ್ಲುಚಪ್ಪಡಿಯ ಮೇಲೆ ಬಾಮೈದ ಬೀಡಿ ಸೇದುತ್ತಿದ್ದ. 'ಏನ್ ಗುರುಗಳೇ, ಲೇಟು?' ವೆಂಕಟರಾಮಯ್ಯ ಹ್ಞೂಂ ಎಂದ. ಅಂಜನಮ್ಮ ಬಾಗಿಲಲ್ಲೇ ನಿಂತಿದ್ದಳು. ಚೀಲ ಇಸಿದುಕೊಂಡು ಅದರೊಳಗೆ ಮುಖವಿಟ್ಟು ಮೂಸಿದಳು. 'ಎಷ್ಟು ಸೊಗಡಾಗಿದೆ! ಸೊಣ್ಣಮ್ಮ ಕೊಟ್ರಾ? ಬಳೆ ಸರಿಹೋಯ್ತಾ ಅವರಿಗೆ?'

'ಹೋಯ್ತು.'

'ದಾರಿ?'

ಅವನು ಅಂಗಿಯ ಗುಂಡಿ ಬಿಚ್ಚುತ್ತ ಗೋಡೆಯ ಕಡೆಗೆ ತಿರುಗಿದ. 'ದಾರಿ ಕ್ಷೇಮ ಇಲ್ಲ' ಎಂದ. 'ಹತ್ತಿರವೂ ಇಲ್ಲ. ಸಂಜೆ ಮೇಲೆ ದೊಣ್ಣೆ ಹಿಡ್ಕೊಂಡು ಕೂತಿರ್ತಾರೆ. ಜನ ಸರಿಯಿಲ್ಲ ಅಂಜನಾ. ನಂಬೋ ಹಾಗಿಲ್ಲ.'

ಅವಳು ಅವರೆಕಾಯಿಯನ್ನು ಮೊರಕ್ಕೆ ಸುರಿದಳು. ಚೀಲದ ಗಿಣಿಯ ಮೇಲೆ ಕುಂಕುಮದ ಕಲೆಯಿತ್ತು; ಉಗುರಿನಿಂದ ಕೆರೆದು ನೋಡಿ, ಹೋಗದಿದ್ದಾಗ, ಚೀಲವನ್ನು ಮಡಿಸಿ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದಳು. ಅವನು ಊಟ ಮಾಡಿದ. ಅವಳು ಆಮೇಲೆ ಮಾಡಿದಳು.

ಬೆಳಿಗ್ಗೆ ಅವಳು ಬಿಸಿನೀರಿನ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. ಹಿಂದಿರುಗಿ ನೋಡದೆ, 'ಗೂಡಲ್ಲಿ ಸೋಪಿದೆ. ಒಂಚೂರು ಮುರಿದು ಕೊಡಿ' ಎಂದಳು. ಆರು ವರ್ಷದಲ್ಲಿ ಮೊದಲ ಸಲ ಕೇಳಿದ್ದಳು. ಹೊರಗೆ ಚಪ್ಪಡಿಯ ಮೇಲೆ ಪೇಪರು ಬಿಡಿಸುವ ಸದ್ದಾಯಿತು. ವೆಂಕಟರಾಮಯ್ಯ ಎದ್ದು, ಸೋಪಿನ ಮೂಲೆ ಮುರಿದು, ನೀರು ಮುಟ್ಟಿಸಿ, ಎರಡು ಬೆರಳಿನ ನಡುವೆ ಉಂಡೆ ಮಾಡಿದ. ಕೇಳಬೇಕಾಗಿಯೂ ಇರಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ತೂತಿನ ಅಳತೆ ಬೆರಳಿಗೆ ಗೊತ್ತಿತ್ತು. ಅಂಜನಮ್ಮ ಕೈ ಹಿಂದಕ್ಕೆ ಚಾಚಿ ಅದನ್ನು ತೆಗೆದುಕೊಂಡಳು, ಮುಷ್ಟಿಯಲ್ಲಿ ಮುಚ್ಚಿಕೊಂಡಳು, ಹೋದಳು.